ಮೂವತ್ತಾರನೆಯ ಸೆಕೆಂಡು

ಜಾಹೀರಾತನ್ನು ಕೊನೆಯವರೆಗೆ ಯಾರೂ ನೋಡುವುದಿಲ್ಲ. ಅಶ್ಮಿತಾಳ ಆರು ವರ್ಷದ ಉದ್ಯೋಗ ಈ ಒಂದು ಸತ್ಯದ ಮೇಲೆ ನಿಂತಿತ್ತು.

ಆದುದರಿಂದ ಆ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ, ಮಂಗಳೂರಿನ ಫಳ್ನೀರಿನ ಮೂರನೆಯ ಮಹಡಿಯ ಜಾಹೀರಾತು ಕಚೇರಿಯಲ್ಲಿ ವಾರಾಂತ್ಯದ ವರದಿ ತೆರೆದಾಗ, ಕಂಪ್ಯೂಟರ್ ಕೆಟ್ಟಿರಬೇಕೆಂದು ಅವಳು ಭಾವಿಸಿದಳು. ಪುಟವನ್ನು ಮತ್ತೊಮ್ಮೆ ಲೋಡ್ ಮಾಡಿದಳು. ಅಂಕಿಗಳು ಬದಲಾಗಲಿಲ್ಲ.

ಗುಣವತಿ ಕೋರಿ ರೊಟ್ಟಿ, ಕುದ್ರೋಳಿ. ಸ್ಕಿಪ್ ಮಾಡಬಹುದಾದ ವಿಡಿಯೊ ಜಾಹೀರಾತು, ನಲವತ್ತೈದು ಸೆಕೆಂಡು. ಕೊನೆಯವರೆಗೆ ನೋಡಿದವರು ಶುಕ್ರವಾರ ನೂರಕ್ಕೆ ಹನ್ನೊಂದು. ಶನಿವಾರ ಇಪ್ಪತ್ತಾರು. ಭಾನುವಾರ ಐವತ್ತೆಂಟು.

"ಶೈಮಾ, ಇಲ್ಲಿ ಬಾ ಮಾರಾಯ್ತಿ. ಇದು ಎಂತದು?"

ಧ್ವನಿ ಮತ್ತು ಎಡಿಟಿಂಗ್ ನೋಡಿಕೊಳ್ಳುವ ಶೈಮಾ ಚಹಾದ ಲೋಟ ಹಿಡಿದುಕೊಂಡೇ ಬಂದು ಪರದೆಗೆ ಬಗ್ಗಿದಳು.

"ಮನುಷ್ಯರು ಅಲ್ಲ ಇದು. ಯಾವುದೋ ಮೆಷಿನ್ ನೋಡಿರ್ಬೇಕು."

"ಮೆಷಿನ್ ಉಳ್ಳಾಲದಲ್ಲಿ, ಸುರತ್ಕಲ್‌ನಲ್ಲಿ, ನಮ್ಮ ಕಾವೂರಿನಲ್ಲಿ ಕೂತು ನೋಡ್ತದಾ? ಎಲ್ಲ ನಾವು ಹಾಕಿದ ಹದಿನೈದು ಕಿಲೋಮೀಟರಿನ ಒಳಗೆ."

"ಹಾಗಾದ್ರೆ ಯಾರೋ ಯಾರಿಗೋ ಹೇಳ್ತಾ ಇದ್ದಾರೆ. ಸ್ಕಿಪ್ ಮಾಡ್ಬೇಡಿ, ಕೊನೆಗೆ ಎಂತದೋ ಉಂಟು ಅಂತ."

"ಕೊನೆಗೆ ಎಂತ ಉಂಟು? ಹಳದಿ ಬಣ್ಣ, ಫೋನ್ ನಂಬರ್, ಹತ್ತು ಸೆಕೆಂಡ್ ರೊಟ್ಟಿ ಮುರಿಯುವ ಶಬ್ದ. ಅಷ್ಟೇ ಅಲ್ವಾ?"

ಆ ಹತ್ತು ಸೆಕೆಂಡುಗಳನ್ನು ತಾವಿಬ್ಬರೂ ಕೇಳಿಯೇ ಇಲ್ಲವೆಂಬುದು ಇಬ್ಬರಿಗೂ ಒಟ್ಟಿಗೆ ನೆನಪಾಯಿತು.

ಅದು ಆ ಕಚೇರಿಯ ಪದ್ಧತಿ. ಈ ಬಗೆಯ ಜಾಹೀರಾತಿನಲ್ಲಿ ಐದನೆಯ ಸೆಕೆಂಡಿಗೆ ಸ್ಕಿಪ್ ಗುಂಡಿ ಮೂಡುತ್ತದೆ. ಮೂವತ್ತನೆಯದನ್ನು ದಾಟಿದರೆ ಮಾತ್ರ ಜಾಹೀರಾತು ಕೊಟ್ಟವನ ಹಣ ಕಡಿತವಾಗುತ್ತದೆ. "ಮೂವತ್ತರ ಒಳಗೆ ಹೇಳಿ ಮುಗಿಸಿ, ಆಮೇಲಿನದ್ದು ದೇವರಿಗೆ" ಎಂಬುದು ಒಡತಿ ವಿನಿಫ್ರೆಡ್ ಮೇಡಂ ಅವರ ಮಂತ್ರ. ಅಂತೆಯೇ ಪರಿಶೀಲನೆಯೂ ಮೂವತ್ತಕ್ಕೆ ಮುಗಿಯುತ್ತಿತ್ತು.

ಅಶ್ಮಿತಾ ಹೆಡ್‌ಫೋನ್ ಕಿವಿಗೇರಿಸಿದಳು.

ಕಾವಲಿಯ ಹಬೆ. ತೆಳುವಾಗಿ ಹರಡುವ ಅಕ್ಕಿಹಿಟ್ಟು. ಕೆಂಪು ಕೋಳಿಸಾರಿನಲ್ಲಿ ಮುಳುಗುವ ಗರಿಗರಿ ರೊಟ್ಟಿ. ಮೂವತ್ತು. ಮೂವತ್ತೈದು. ಪರದೆ ಹಳದಿಯಾಯಿತು. ಮೂವತ್ತಾರನೆಯ ಸೆಕೆಂಡಿಗೆ ರೊಟ್ಟಿ ಮುರಿಯಿತು, ಅದರ ಬೆನ್ನಿಗೇ ಒಂದು ಹೆಣ್ಣುಧ್ವನಿ ಪಿಸುಗುಟ್ಟಿತು.

"ಮೋಕ್ಷಿತ್ ಶನಿವಾರ ಬಾರದಿದ್ರೆ ನನಗೆ ಆ ವಾರವೇ ಮುಗಿಯುವುದಿಲ್ಲ ಮಾರಾಯ್ತಿ. ಇದನ್ನು ಅವರಿಗೆ ಹೇಳುವವರು ಯಾರು?"

ಮತ್ತೊಮ್ಮೆ ರೊಟ್ಟಿ ಮುರಿದ ಸದ್ದು. ಪರದೆಯ ಮೇಲೆ ಹತ್ತು ಅಂಕಿಗಳು, ಕೆಳಗೆ ದಪ್ಪ ಅಕ್ಷರದಲ್ಲಿ: ಈಗಲೇ ಕರೆ ಮಾಡಿ.

ಆ ಧ್ವನಿ ಅವಳದ್ದೇ ಆಗಿತ್ತು.

*

ಅಶ್ಮಿತಾ ವಿಡಿಯೊವನ್ನು ಮತ್ತೆ ಮೂವತ್ತೈದನೆಯ ಸೆಕೆಂಡಿಗೆ ಎಳೆದಳು. ಶೈಮಾ ಹೆಡ್‌ಫೋನನ್ನು ಕಸಿದುಕೊಂಡು ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖ ಗೋಡೆಯ ಸುಣ್ಣದಂತಾಯಿತು.

"ಬುಧವಾರದ್ದು," ಎಂದಳು ಕೊನೆಗೆ. "ನೀನು ಮೈಕಿನ ಹತ್ರ ರೊಟ್ಟಿ ಮುರಿದೆಯಲ್ವಾ, ಆ ದಿನ. ಎರಡು ಟೇಕ್ ಇತ್ತು. ನಾನು ಇದರ ಮೊದಲ ಒಂದು ಸೆಕೆಂಡ್ ಕೇಳಿ, ಚಂದ ಮುರಿದಿದೆ ಅಂತ ಹಾಗೆಯೇ ಕೂರಿಸಿದೆ. ನೀನು ಮಾತಾಡಿದ್ದು ರೆಕಾರ್ಡ್ ಆಗಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಮಾರಾಯ್ತಿ."

"ಎಷ್ಟು ಜನ?"

"ಎಂತ ಎಷ್ಟು ಜನ?"

"ಕೊನೆಯ ತನಕ ನೋಡಿದವರು."

ಶೈಮಾ ಪರದೆಯನ್ನು ಓದಿದಳು. "ಎರಡು ಸಾವಿರದ ಮುನ್ನೂರು."

ಎರಡು ಸಾವಿರದ ಮುನ್ನೂರು ಮನೆಗಳ ಅಡುಗೆಕೋಣೆಗಳಲ್ಲಿ, ಸೋಫಾಗಳ ಮೇಲೆ, ಆಸ್ಪತ್ರೆಯ ಬೆಂಚುಗಳ ಮೇಲೆ, ತಲೆಗೆ ಮೂವತ್ತು ಪೈಸೆಯಂತೆ, ಅವಳ ಹೃದಯದ ಗುಟ್ಟು ಮಾರಾಟವಾಗಿತ್ತು. ಅದಕ್ಕೆ ಹಣ ತೆತ್ತವನು ಸ್ವತಃ ಮೋಕ್ಷಿತ್.

ಅವನು ಕೇಳಿರಬಹುದೇ? ಅವಳ ಬುದ್ಧಿ ಮುಳುಗುವವನಂತೆ ಹುಲ್ಲುಕಡ್ಡಿಗಳನ್ನು ಹುಡುಕಿತು. ಜಾಹೀರಾತನ್ನು ಹೆಂಗಸರಿಗೆ ಮಾತ್ರ ತೋರಿಸುವಂತೆ ಹೊಂದಿಸಿದವಳು ಅವಳೇ. ಅಲ್ಲದೆ ಒಂದು ಶನಿವಾರ ಅವನಿಗೆ ಗಂಭೀರವಾಗಿ ಎಚ್ಚರಿಸಿದ್ದಳು: "ನಿಮ್ಮದೇ ಜಾಹೀರಾತು ಎಲ್ಲಿಯಾದ್ರೂ ಕಂಡ್ರೆ ಐದು ಸೆಕೆಂಡಿಗೆ ಸ್ಕಿಪ್ ಮಾಡಿ. ಪೂರ್ತಿ ನೋಡಿದ್ರೆ ನಿಮ್ಮ ಹಣವೇ ಹೋಗ್ತದೆ." ಅವನು ವಿಧೇಯ ವಿದ್ಯಾರ್ಥಿಯಂತೆ ತಲೆಯಾಡಿಸಿದ್ದ.

ಆ ತಲೆಯಾಡಿಸುವಿಕೆಯೇ ಅವಳನ್ನು ಹಾಳುಮಾಡಿದ್ದು.

ಏಳು ವಾರಗಳ ಹಿಂದೆ, ಅಪ್ಪನ ಕಾಲದ ರೊಟ್ಟಿ ಕಾರ್ಖಾನೆಗೆ ಒಂದು ಸಣ್ಣ ಜಾಹೀರಾತು ಬೇಕೆಂದು ಮೋಕ್ಷಿತ್ ಮೊದಲ ಬಾರಿ ಬಂದಿದ್ದ. ಕಾರ್ಖಾನೆಯೆಂದರೆ ಕುದ್ರೋಳಿಯ ಮನೆಯ ಹಿಂದಿನ ಶೆಡ್ಡು, ಆರು ಕಾವಲಿ, ನಾಲ್ವರು ಹೆಂಗಸರು, ಮೇಲ್ವಿಚಾರಣೆಗೆ ಅಮ್ಮ ಗುಣವತಿ. ಅವನ ಅಂಗಿಯ ತೋಳಿನಲ್ಲಿ ಯಾವಾಗಲೂ ಒಂದಿಷ್ಟು ಅಕ್ಕಿಹಿಟ್ಟು. ಕುರ್ಚಿಯ ತುದಿಯಲ್ಲಿ ಕುಳಿತು, ಮಡಿಲಲ್ಲಿ ಹೆಲ್ಮೆಟ್ ಇಟ್ಟುಕೊಂಡು, ಅವಳು ಬಿಳಿಹಲಗೆಯ ಮೇಲೆ ಬರೆದದ್ದನ್ನು ಅವನು ತದೇಕಚಿತ್ತದಿಂದ ನೋಡುತ್ತಿದ್ದ. ಅವಳು ತಿರುಗಿದರೆ ದೃಷ್ಟಿ ತಟ್ಟನೆ ಹಲಗೆಗೆ ಹೋಗುತ್ತಿತ್ತು. ತಿರುಗುವ ಮೊದಲು ಎಲ್ಲಿತ್ತೆಂಬುದು ಅವಳ ಕುತ್ತಿಗೆಗೆ ತಿಳಿಯುತ್ತಿತ್ತು.

"ಆರು ಸೆಕೆಂಡಿನದ್ದು ಸ್ಕಿಪ್ ಆಗುವುದಿಲ್ಲ. ಅದಕ್ಕೆ ಸಾವಿರ ಸಲ ತೋರಿಸಿದ್ರೆ ಇಷ್ಟು ಅಂತ ದರ," ಎಂದು ಅವಳು ವಿವರಿಸುತ್ತಿದ್ದಳು. "ಬಸ್ಸಿನ ಹಿಂದೆ ಬೋರ್ಡ್ ಹಾಕಿದ ಹಾಗೆ. ಯಾರು ಓದಿದ್ರು, ಯಾರು ಬಿಟ್ರು ಕೇಳ್ಲಿಕ್ಕಿಲ್ಲ. ಉದ್ದದ್ದು ಬೇರೆ. ಅದು ಮನೆ ಬಾಗಿಲಿಗೆ ಹೋದ ಸೇಲ್ಸ್‌ಮನ್. ಮಾತು ಕೇಳದೆ ಬಾಗಿಲು ಹಾಕಿದ್ರೆ ಅವನಿಗೆ ಸಂಬಳ ಇಲ್ಲ."

"ಪಾಪ," ಎನ್ನುತ್ತಿದ್ದ ಮೋಕ್ಷಿತ್. "ಅವನು ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ಲಬಹುದು?"

"ಐದು ಸೆಕೆಂಡ್ ಗ್ಯಾರಂಟಿ."

"ಐದು ಸೆಕೆಂಡಿನಲ್ಲಿ ಎಂತ ಹೇಳ್ಲಿಕ್ಕೆ ಆಗ್ತದೆ? ನನಗೆ ಹೆಸರು ಹೇಳ್ಲಿಕ್ಕೇ ಅಷ್ಟು ಬೇಕು."

ಅವಳು ನಗುತ್ತಿದ್ದಳು. ಮುಂದಿನ ಶನಿವಾರ ಸರಿಯಾಗಿ ಹನ್ನೊಂದಕ್ಕೆ ಅವನು ಮತ್ತೆ ಬರುತ್ತಿದ್ದ. "ಆ ಸಾವಿರದ ಲೆಕ್ಕ ಇನ್ನೊಮ್ಮೆ ಹೇಳ್ತೀರಾ? ಸರಿ ಅರ್ಥ ಆಗ್ಲಿಲ್ಲ." ಅವಳು ಮತ್ತೊಮ್ಮೆ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಶನಿವಾರವೆಂಬ ದಿನಕ್ಕೆ ಬೇರೆಯದೇ ಬೆಳಕು ಬಂದುಬಿಟ್ಟಿತು. ಒಬ್ಬ ಗ್ರಾಹಕನ ನಿಧಾನಬುದ್ಧಿಯನ್ನು ತಾನೇಕೆ ಇಷ್ಟೊಂದು ಪ್ರೀತಿಸುತ್ತಿದ್ದೇನೆಂದು ಬುಧವಾರ ಶೈಮಾಳ ಮುಂದೆ ಬಾಯಿ ತಪ್ಪಿತ್ತು. ಗಾಜಿನಾಚೆ ರೆಕಾರ್ಡಿಂಗಿನ ಕೆಂಪು ದೀಪ ಉರಿಯುತ್ತಿದ್ದುದನ್ನು ಇಬ್ಬರೂ ಗಮನಿಸಿರಲಿಲ್ಲ.

ಈಗ ಅದು ಅವನ ಕಿವಿಗೆ ಬಿದ್ದರೆ? ಅಂಥ ಸಂಕೋಚದ ಮನುಷ್ಯ ಮತ್ತೆ ಈ ಮೆಟ್ಟಿಲು ಹತ್ತುತ್ತಾನೆಯೇ? ಊರಿನ ಮುಂದೆ ಹೆಸರು ಕೂಗಿಸಿಕೊಂಡವನು ಕೂಗಿದವಳ ಮುಖ ನೋಡುತ್ತಾನೆಯೇ?

ಅವಳು ಜಾಹೀರಾತನ್ನು ನಿಲ್ಲಿಸಿದಳು. ಹಸಿರು ಚುಕ್ಕೆ ಬೂದುಬಣ್ಣಕ್ಕೆ ತಿರುಗಿತು.

ಅದೇ ಕ್ಷಣ ಬಾಗಿಲು ತೆರೆಯಿತು.

*

"ಐವತ್ತೆಂಟು," ಎಂದರು ವಿನಿಫ್ರೆಡ್ ಮೇಡಂ. ಅವರ ಕಣ್ಣುಗಳು ಮಿನುಗುತ್ತಿದ್ದವು. "ನೂರಕ್ಕೆ ಐವತ್ತೆಂಟು. ನಾನು ಇಪ್ಪತ್ತೆರಡು ವರ್ಷದಿಂದ ಈ ಕೆಲಸದಲ್ಲಿದ್ದೇನೆ ಅಶ್ಮಿತಾ. ಚಿನ್ನದ ಅಂಗಡಿಗೂ ಇಷ್ಟು ಬರ್ಲಿಲ್ಲ. ಎಂತ ಮಾಡಿದ್ದು ನೀವು?"

"ರೊಟ್ಟಿಯ ಶಬ್ದ ಚೆನ್ನಾಗಿತ್ತು ಮೇಡಂ," ಎಂದಳು ಶೈಮಾ ಕ್ಷೀಣವಾಗಿ.

"ಹನ್ನೊಂದಕ್ಕೆ ಮೋಕ್ಷಿತ್ ಬರ್ತಾರೆ. ಅರ್ಜೆಂಟ್ ಅಂತ ಬೆಳಿಗ್ಗೆ ನನಗೇ ಫೋನ್ ಮಾಡಿದ್ರು. ಅವರಿಗೂ ಗೊತ್ತಾಗಿರ್ಬೇಕು. ದೊಡ್ಡ ಟೀವಿಯಲ್ಲಿ ಹಾಕುವ, ಕೊನೆಯ ತನಕ. ನಾನೂ ನೋಡಿಲ್ಲ ಅಲ್ವಾ."

ಬಾಗಿಲು ಮುಚ್ಚಿತು. ಮೊನ್ನೆಯ ಶನಿವಾರ ಮೊದಲ ಬಾರಿ ತಪ್ಪಿಸಿಕೊಂಡವನು, ಸೋಮವಾರ ಎಂದೂ ಬಾರದವನು, ಅವಳಿಗೆ ಫೋನ್ ಮಾಡದೆ ಮೇಡಂಗೆ ಮಾಡಿದ್ದಾನೆ. ಅರ್ಜೆಂಟ್ ಎಂದಿದ್ದಾನೆ.

"ಕೇಳು," ಶೈಮಾ ಅವಳ ಭುಜ ಹಿಡಿದಳು. "ಅಳುವುದು ಆಮೇಲೆ. ನನಗೆ ಒಂದು ಗಂಟೆ ಉಂಟು. ಆ ಹತ್ತು ಸೆಕೆಂಡಿಗೆ ಮೊದಲನೇ ಟೇಕ್ ಕೂರಿಸ್ತೇನೆ. ಅದೇ ಹೆಸರಿನಲ್ಲಿ ಸೇವ್ ಮಾಡಿದ್ರೆ ಹಳೆಯದು ಅಳಿಸಿ ಹೋಗ್ತದೆ. ಮೇಡಂ ಓಪನ್ ಮಾಡುವಾಗ ಬರೀ ರೊಟ್ಟಿ. ಮೋಕ್ಷಿತ್ ಕೇಳಿದ್ದೇನೆ ಅಂತ ಅಂದ್ರೂ, ನೋಡಿ, ಎಂತ ಇಲ್ಲ ಅಂತ ಹೇಳ್ಬಹುದು."

"ಸುಳ್ಳು."

"ಸುಳ್ಳಲ್ಲ, ಎಡಿಟಿಂಗ್."

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಶೈಮಾಳ ಪರದೆಯ ಮೇಲೆ ಹೊಸ ವಿಡಿಯೊ ಸೇವ್ ಆಗುವ ನೀಲಿ ಪಟ್ಟಿ ನೂರಕ್ಕೆ ತೊಂಬತ್ತನ್ನು ತಲುಪಿತ್ತು. ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ತೊಂಬತ್ತನಾಲ್ಕು. ಮೆಟ್ಟಿಲಿನಲ್ಲಿ ಪರಿಚಿತ ಹೆಜ್ಜೆಗಳು ಕೇಳಿಸಿದವು.

"ಅಶ್ಮಿತಾ, ಒಳಗೆ ಬನ್ನಿ," ಎಂದು ಮೇಡಂ ಕರೆದರು.

ತೊಂಬತ್ತಾರು.

*

ಮೋಕ್ಷಿತ್ ಅವಳ ಮುಖ ನೋಡಲಿಲ್ಲ.

ಅವನು ಗಡ್ಡ ತೆಗೆದಿರಲಿಲ್ಲ. ಕಣ್ಣುಗಳು ಕೆಂಪಾಗಿದ್ದವು. ಎಂದಿನಂತೆ ಕುರ್ಚಿಯ ತುದಿಯಲ್ಲಿ ಕುಳಿತು ಹೆಲ್ಮೆಟನ್ನು ಎರಡು ಕೈಗಳಿಂದಲೂ ಒತ್ತಿ ಹಿಡಿದಿದ್ದ. ಕೇಳಿದ್ದಾನೆ, ಎಂದುಕೊಂಡಳು ಅಶ್ಮಿತಾ. ಎಲ್ಲ ಮುಗಿಯಿತು.

"ಜಾಹೀರಾತು ನಿಲ್ಲಿಸ್ಬೇಕು ಮೇಡಂ," ಎಂದ ಅವನು.

ವಿನಿಫ್ರೆಡ್ ಮೇಡಂ ಅವರ ನಗು ಅರ್ಧಕ್ಕೆ ನಿಂತಿತು. "ನಿಲ್ಲಿಸುವುದಾ? ನೀವು ರಿಪೋರ್ಟ್ ನೋಡಿದ್ರಾ ಮೋಕ್ಷಿತ್?"

"ಬೇಡ ಮೇಡಂ. ಒಮ್ಮೆ ಪೂರ್ತಿ ತೋರಿಸಿ, ಸಾಕು. ನಾನು ಇಷ್ಟರ ತನಕ ಪೂರ್ತಿ ನೋಡಿಲ್ಲ. ಇವರು ಬೇಡ ಅಂತ ಹೇಳಿದ್ರು, ಹಾಗಾಗಿ."

ನೋಡಿಲ್ಲ. ಹಾಗಿದ್ದರೆ ಈಗ ನೋಡುತ್ತಾನೆ. ಇಲ್ಲಿ, ಮೇಡಂ ಅವರ ಮುಂದೆ, ಐವತ್ತೈದು ಇಂಚಿನ ಪರದೆಯಲ್ಲಿ.

ಮೇಡಂ ಗುಂಡಿ ಒತ್ತಿದರು.

ಹಬೆ. ಹಿಟ್ಟು. ಸಾರು. ಇಪ್ಪತ್ತನೆಯ ಸೆಕೆಂಡಿಗೆ ಅಶ್ಮಿತಾ ಗಾಜಿನ ಬಾಗಿಲಿನಾಚೆ ನೋಡಿದಳು, ಶೈಮಾ ಕಾಣಿಸಲಿಲ್ಲ. ಮೂವತ್ತು. ಪರದೆ ಹಳದಿಯಾಯಿತು.

ರೊಟ್ಟಿ ಮುರಿಯಿತು.

ಮತ್ತೆ ಮುರಿಯಿತು. ಮತ್ತೊಮ್ಮೆ. ನಲವತ್ತೈದನೆಯ ಸೆಕೆಂಡಿನವರೆಗೂ ರೊಟ್ಟಿಯ ಹೊರತು ಯಾರೂ ಮಾತನಾಡಲಿಲ್ಲ.

ಅವಳು ಪಾರಾಗಿದ್ದಳು.

"ಚೆನ್ನಾಗಿಯೇ ಉಂಟಲ್ಲ," ಎಂದರು ಮೇಡಂ.

ಮೋಕ್ಷಿತ್ ತಗ್ಗಿದ ಧ್ವನಿಯಲ್ಲಿ, ಯಾರದೋ ಸಾವಿನ ಸುದ್ದಿ ಹೇಳುವವನಂತೆ ಹೇಳಿದ: "ಹಾಗಾದ್ರೆ ತಪ್ಪು ಜಾಹೀರಾತಿನದ್ದಲ್ಲ. ರೊಟ್ಟಿಯದ್ದೇ."

"ಯಾವ ತಪ್ಪು?"

"ಅದರಲ್ಲಿರುವ ನಂಬರ್ ಅಮ್ಮನದ್ದು. ಶುಕ್ರವಾರ ಸಂಜೆಯಿಂದ ಫೋನ್ ಬರ್ತಾ ಉಂಟು, ಒಂದರ ಮೇಲೆ ಒಂದು. ಅಮ್ಮ ಅದನ್ನು ಹಿಡಿದುಕೊಂಡು ಬಾವಿಕಟ್ಟೆಗೆ ಹೋಗಿ ಮಾತಾಡ್ತಾರೆ. ನನ್ನ ಕೈಗೆ ಕೊಡುವುದಿಲ್ಲ. ಎಂತ ಅಂತ ಕೇಳಿದ್ರೆ ಎಂತ ಇಲ್ಲ ಅಂತಾರೆ. ನಿನ್ನೆ ಒಂದು ಮಾತು ಕಿವಿಗೆ ಬಿತ್ತು. 'ತಪ್ಪಿ ಆದದ್ದು ಅಕ್ಕ, ದಯಮಾಡಿ ಯಾರ ಹತ್ರವೂ ಹೇಳ್ಬೇಡಿ' ಅಂತ." ಅವನು ಹೆಲ್ಮೆಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. "ರೊಟ್ಟಿಯಲ್ಲಿ ಕಲ್ಲು ಸಿಕ್ಕಿರ್ಬೇಕು. ಇಲ್ಲದಿದ್ರೆ ಹುಳ. ಅಪ್ಪನ ಮೂವತ್ತು ವರ್ಷದ ಹೆಸರು ಮೇಡಂ. ಮೂರು ದಿನದಿಂದ ಅನ್ನ ಇಳಿಯುವುದಿಲ್ಲ."

ಅವನು ಮುಂದುವರಿಸಿದ.

"ಅಕ್ಕಿಯ ಕಲ್ಲು ಹೆಕ್ಕುವುದು ರಿಝ್ವಾನಾ ಅಂತ, ಹದಿನಾಲ್ಕು ವರ್ಷದಿಂದ ಇದ್ದಾಳೆ ನಮ್ಮಲ್ಲಿ. ಇವತ್ತು ಬೆಳಿಗ್ಗೆ ಅವಳನ್ನೂ ಉಳಿದ ಮೂವರನ್ನೂ ಕೂರಿಸಿ ಹೇಳಿದೆ, ಗೊತ್ತಾಗುವ ತನಕ ಕೆಲಸ ಬಂದ್, ನಾಳೆಯಿಂದ ಬರ್ಬೇಡಿ ಅಂತ. ಅವಳು ಅತ್ತಳು. ಅಮ್ಮ ನನಗೆ ಬೈದ್ರು. ಆದ್ರೆ ಕಾರಣ ಹೇಳುವುದಿಲ್ಲ. ಅವರನ್ನು ಕಾಪಾಡ್ಲಿಕ್ಕೆ ಮುಚ್ಚಿಡ್ತಿದ್ದಾರೆ ಅಂತ ನನಗೆ ಅನಿಸ್ತದೆ."



ಅವಳು ಸುಮ್ಮನಿದ್ದರೆ ಅವಳ ಗುಟ್ಟು ಉಳಿಯುತ್ತದೆ. ಎದುರಿಗೆ ಕುಳಿತವನು ಇಲ್ಲದ ಕಲ್ಲನ್ನು ಹುಡುಕುತ್ತ ಕುದ್ರೋಳಿಗೆ ಹಿಂತಿರುಗುತ್ತಾನೆ; ತಾನು ಕಂಡೇ ಇರದ ರಿಝ್ವಾನಾ ಮನೆಯಲ್ಲಿ ಕೂರುತ್ತಾಳೆ. ಮಾತನಾಡಿದರೆ ಅವನು ಇನ್ನೆಂದೂ ಈ ಕುರ್ಚಿಯಲ್ಲಿ ಕುಳಿತುಕೊಳ್ಳಲಿಕ್ಕಿಲ್ಲ. ಆಯ್ಕೆಗೆ ಅವಳಿಗೆ ಸಿಕ್ಕಿದ ಸಮಯ ಐದು ಸೆಕೆಂಡಿಗಿಂತ ಹೆಚ್ಚಿರಲಾರದು.

"ರೊಟ್ಟಿಯಲ್ಲಿ ಕಲ್ಲಿಲ್ಲ ಮೋಕ್ಷಿತ್," ಎಂದಳು.

ಆ ದಿನ ಮೊದಲ ಬಾರಿ ಅವನು ಅವಳ ಕಡೆ ತಿರುಗಿದ.

"ನೀವು ಈಗ ನೋಡಿದ್ದು ಹೊಸದು. ಈಗಷ್ಟೇ ತಯಾರಾದದ್ದು. ಮೂರು ದಿನ ಊರೆಲ್ಲ ಓಡಿದ್ದು ಬೇರೆ. ಅದರ ಕೊನೆಯಲ್ಲಿ ನನ್ನ ಮಾತು ಉಂಟು. ರೆಕಾರ್ಡ್ ಆಗ್ತಾ ಇದೆ ಅಂತ ಗೊತ್ತಿಲ್ಲದೆ ಆಡಿದ್ದು. ಜನ ಫೋನ್ ಮಾಡ್ತಿರುವುದು ಅದಕ್ಕೆ."

ಮೇಡಂ ಅವರ ಕೈಯ ರಿಮೋಟ್ ಗಾಳಿಯಲ್ಲೇ ನಿಂತಿತು. "ಯಾವ ಮಾತು ಅಶ್ಮಿತಾ?"

"ಹಾಕಿ," ಎಂದ ಮೋಕ್ಷಿತ್. "ಆ ಹಳೆಯದನ್ನು ಹಾಕಿ. ಕೇಳ್ತೇನೆ."

"ಇಲ್ಲ." ಅವಳ ಧ್ವನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. "ಅದು ನಿಮ್ಮ ಹತ್ರ ಹೇಳಿದ್ದಲ್ಲ, ಶೈಮಾಳ ಹತ್ರ ಹೇಳಿದ್ದು. ಎರಡು ಸಾವಿರದ ಮುನ್ನೂರು ಜನ ಕದ್ದು ಕೇಳಿದ ಹಾಗೆ ನೀವೂ ಕೇಳುವುದು ಬೇಡ. ನಿಮಗೆ ಹೇಳುವುದಾದ್ರೆ ನಾನೇ ಹೇಳ್ತೇನೆ."

ಅವಳು ಎದ್ದು ನಿಂತಳು. ಕುಳಿತು ಹೇಳುವ ಮಾತು ಅದಾಗಿರಲಿಲ್ಲ.

"ನೀವು ಶನಿವಾರ ಬಾರದಿದ್ರೆ ನನಗೆ ವಾರ ಮುಗಿಯುವುದಿಲ್ಲ. ಶುಕ್ರವಾರ ಸಂಜೆಯೇ ಆ ಬಿಳಿಹಲಗೆ ಒರೆಸಿ ಇಡ್ತೇನೆ. ನೀವು ಅರ್ಥ ಆಗ್ಲಿಲ್ಲ ಅಂದ್ರೆ ನನಗೆ ಖುಷಿ ಆಗ್ತದೆ, ಇನ್ನೊಮ್ಮೆ ಹೇಳ್ಬಹುದಲ್ಲ ಅಂತ. ಗ್ರಾಹಕರ ಬಗ್ಗೆ ಹೀಗೆ ಅನಿಸುವುದು ಸರಿಯಲ್ಲ, ಗೊತ್ತುಂಟು. ನಿಮ್ಮ ಹೆಸರು ಊರ ಬಾಯಿಗೆ ಬಿದ್ದದ್ದು ನನ್ನಿಂದ. ಕ್ಷಮಿಸಿ. ಅವರನ್ನು ಕೆಲಸಕ್ಕೆ ಕರೆಯಿರಿ."

ವಿನಿಫ್ರೆಡ್ ಮೇಡಂ ರಿಮೋಟನ್ನು ಅತ್ಯಂತ ಎಚ್ಚರಿಕೆಯಿಂದ, ಅದು ಗಾಜಿನದ್ದೆಂಬಂತೆ, ಮೇಜಿನ ಮೇಲಿಟ್ಟರು.

"ನಾನು... ಪ್ರಿಂಟ್ ಎಂತ ಆಯ್ತು ನೋಡ್ತೇನೆ," ಎಂದು ಹೊರಗೆ ಹೋದರು. ಕಚೇರಿಯಲ್ಲಿ ಪ್ರಿಂಟರ್ ಕೆಟ್ಟು ಎರಡು ತಿಂಗಳಾಗಿತ್ತು.

*

ಮೋಕ್ಷಿತ್‌ನ ಕಿವಿಗಳ ತುದಿ ನಿಧಾನವಾಗಿ ಕೆಂಪಾಗುತ್ತಿತ್ತು.

"ಕಲ್ಲಿಲ್ಲ," ಎಂದ.

"ಇಲ್ಲ."

"ಹುಳವೂ ಇಲ್ಲ."

"ಇಲ್ಲ ಮೋಕ್ಷಿತ್."

ಅವನು ಎದ್ದ. "ಆ ನಾಲ್ಕು ಹೆಂಗಸರು ಇನ್ನೂ ಅಲ್ಲೇ ಕೂತಿರ್ತಾರೆ. ನನ್ನ ಮಾತು ನಂಬುವುದಿಲ್ಲ ಈಗ. ನೀವು ಬರ್ಬೇಕು. ಬರ್ತೀರಾ?"

ಇಷ್ಟೇ? ಅವಳು ಹೃದಯವನ್ನೇ ಮೇಜಿನ ಮೇಲಿಟ್ಟಿದ್ದಳು. ಅವನು ಕಲ್ಲು ಮತ್ತು ಹುಳಗಳ ಲೆಕ್ಕ ಕೇಳುತ್ತಿದ್ದ. ಆದರೂ ಅವಳು ತಲೆಯಾಡಿಸಿದಳು. ತನ್ನಿಂದ ಅತ್ತವಳ ಎದುರು ನಿಲ್ಲುವುದು ತನ್ನದೇ ಕೆಲಸ.

ಹೊರಬಾಗಿಲಲ್ಲಿ ಶೈಮಾ ಕಣ್ಣುಗಳಿಂದಲೇ ಕೇಳಿದಳು. ಅಶ್ಮಿತಾ ಬ್ಯಾಗ್ ತೆಗೆದುಕೊಂಡು ಮೆಟ್ಟಿಲಿಳಿದಳು.

ಸ್ಕೂಟರಿನ ಹಿಂದೆ, ಅವನ ಬೆನ್ನಿಗೂ ತನಗೂ ನಡುವೆ ಬ್ಯಾಗನ್ನಿಟ್ಟು ಅವಳು ಕುಳಿತಳು. ಹಂಪನಕಟ್ಟೆಯಲ್ಲಿ ಸಿಗ್ನಲ್ ಕೆಂಪಾಯಿತು. ಎರಡು ಬಸ್ಸುಗಳ ನಡುವೆ ಸ್ಕೂಟರ್ ಸಿಕ್ಕಿಕೊಂಡಿತು; ಎರಡೂ ಕಡೆಯ ಕಿಟಕಿಗಳಿಂದ ಜನ ಕೆಳಗೆ ನೋಡುತ್ತಿದ್ದರು. ಇವರಲ್ಲಿ ಎಷ್ಟು ಮಂದಿ ಆ ಎರಡು ಸಾವಿರದ ಮುನ್ನೂರರೊಳಗಿನವರೋ ಎಂದು ಅವಳು ಮುಖ ತಗ್ಗಿಸಿದಳು.

"ಅಶ್ಮಿತಾ," ಎಂದ ಅವನು, ಮುಂದೆ ನೋಡುತ್ತಲೇ. "ಒಂದು ಕೇಳ್ತೇನೆ. ಸಾವಿರದ ಲೆಕ್ಕದಲ್ಲಿ ಆರು ಸೆಕೆಂಡಿನದ್ದು, ಹದಿನೈದರದ್ದು. ನೋಡಿದವರ ಲೆಕ್ಕದಲ್ಲಿ ಉದ್ದದ್ದು. ಪಟ್ಟಿಯಲ್ಲಿ ಬೇರೆ ವಿಡಿಯೊಗಳ ನಡುವೆ ಬರುವುದಕ್ಕೆ ಒತ್ತಿ ತೆರೆದವರ ಲೆಕ್ಕ. ಸರಿಯಾ?"

"ಸರಿ," ಎಂದಳು ಅವಳು ತಬ್ಬಿಬ್ಬಾಗಿ. ಇಷ್ಟು ಸ್ಪಷ್ಟವಾಗಿ ಅವಳೇ ಎಂದೂ ಹೇಳಿರಲಿಲ್ಲ.

"ನಾನು ಬಿ.ಕಾಂ. ಓದಿದವ. ಇದು ನನಗೆ ಮೊದಲನೇ ದಿನವೇ ಅರ್ಥ ಆಗಿತ್ತು."

ಸಿಗ್ನಲ್ ಹಸಿರಾಯಿತು. ಹಿಂದಿನ ಆಟೊ ಹಾರ್ನ್ ಬಾರಿಸಿತು. ಸ್ಕೂಟರ್ ಚಲಿಸಲಿಲ್ಲ.

"ಹಾಗಾದ್ರೆ... ಏಳು ಶನಿವಾರ?"

"ಆರು ಕಾವಲಿಯ ರೊಟ್ಟಿಗೆ ನಾಲ್ಕು ನಮೂನೆ ಜಾಹೀರಾತು ಯಾರಾದ್ರೂ ಹಾಕ್ತಾರಾ ಮಾರಾಯ್ರೆ? ಒಂದು ನಮೂನೆ ಮುಗಿದ್ರೆ ಇನ್ನೊಂದು ಕೇಳ್ಲಿಕ್ಕೆ ಬರ್ಬಹುದು ಅಂತ ಹಾಕಿದ್ದು." ಅವನ ಧ್ವನಿ ಹೆಲ್ಮೆಟಿನೊಳಗೆ ಎಲ್ಲೋ ಮುಳುಗಿತ್ತು. "ಮುಂದಿನ ವಾರಕ್ಕೆ ಎಂತ ಕೇಳುವುದು ಅಂತ ಗೊತ್ತಾಗದೆ ಹೆದರಿಕೆಯಾಗಿತ್ತು ನನಗೆ. ನಾಲ್ಕು ನಮೂನೆಯೂ ಮುಗಿದಿತ್ತಲ್ಲ."

ಆಟೊದವನು ಪಕ್ಕದಿಂದ ಏನನ್ನೋ ಬೈದು ಮುಂದೆ ಹೋದ. ಅಶ್ಮಿತಾಳಿಗೆ ಅದು ಕೇಳಿಸಲಿಲ್ಲ. ತಾನು ದಡ್ಡನೆಂದು ಪ್ರೀತಿಸಿದವನು ತನ್ನನ್ನು ಏಳು ವಾರ ಮೋಸಗೊಳಿಸಿದ್ದನೆಂಬ ಆಘಾತಕ್ಕೆ, ಅಂದಿನ ಎಲ್ಲ ಆಘಾತಗಳ ಮೇಲೆ, ಅವಳಿಗೆ ಅಳಬೇಕೋ ನಗಬೇಕೋ ತಿಳಿಯದಾಯಿತು.

"ನೀವು ಸರಿಯಾದ ಕಳ್ಳ," ಎಂದಳು.

"ಹೌದು," ಎಂದ ಅವನು, ಅಪಾರ ನೆಮ್ಮದಿಯಿಂದ. ಸ್ಕೂಟರ್ ಹೊರಟಿತು. ಅವಳು ಬ್ಯಾಗನ್ನು ನಡುವಿನಿಂದ ತೆಗೆದು ಭುಜಕ್ಕೆ ಹಾಕಿಕೊಂಡಳು.

*

ಶೆಡ್ಡಿನ ಒಳಗೆ ಕಾವಲಿಗಳು ತಣ್ಣಗಿದ್ದವು. ನಾಲ್ವರು ಹೆಂಗಸರು ಚಾಪೆಯ ಮೇಲೆ ಗೋಡೆಗೊರಗಿ ಕುಳಿತಿದ್ದರು. ಬಾಗಿಲ ಬಳಿ ಗುಣವತಿ ನಿಂತಿದ್ದರು. ಹೊಸಬಳನ್ನು ಕಂಡೊಡನೆ ಅವರ ಬಲಗೈ ಫೋನಿನೊಂದಿಗೆ ಸೆರಗಿನೊಳಗೆ ಸರಿಯಿತು.

"ಇವರು ಅಶ್ಮಿತಾ, ಅಮ್ಮ," ಎಂದ ಮೋಕ್ಷಿತ್.

ಗುಣವತಿ ಅವಳನ್ನು ದಿಟ್ಟಿಸಿದರು. ಹೆಸರು ಅವರಿಗೆ ಗೊತ್ತಿರಲಿಲ್ಲ.

ಅಶ್ಮಿತಾ ನೇರವಾಗಿ ಚಾಪೆಯತ್ತ ನಡೆದಳು. "ನಿಮ್ಮಲ್ಲಿ ರಿಝ್ವಾನಾ ಅಕ್ಕ ಯಾರು?"

ಕಣ್ಣು ಊದಿದ್ದ ಒಬ್ಬಾಕೆ ತಲೆಯೆತ್ತಿದಳು.

"ನಿಮ್ಮ ಅಕ್ಕಿಯಲ್ಲಿ ಕಲ್ಲು ಇರ್ಲಿಲ್ಲ. ಒಂದೇ ಒಂದು ದೂರು ಬರ್ಲಿಲ್ಲ. ತಪ್ಪು ಮಾಡಿದ್ದು ನಾನು, ಜಾಹೀರಾತಿನಲ್ಲಿ. ಕ್ಷಮಿಸ್ಬೇಕು."

ಆ ಧ್ವನಿ ಕಿವಿಗೆ ಬಿದ್ದದ್ದೇ ಗುಣವತಿಯವರ ಮುಖ ಬದಲಾಯಿತು. ಮೂರು ದಿನ ಅವರು ತಮ್ಮ ಫೋನಿನಲ್ಲಿ ಬಂದ ಜಾಹೀರಾತಿನಲ್ಲಿ ಆ ಧ್ವನಿಯನ್ನು ಹಲವು ಬಾರಿ ಕೇಳಿದ್ದರು. ಅವರು ಸರ್ರನೆ ಮುಂದೆ ಬಂದು ಅಶ್ಮಿತಾಳ ಮೊಣಕೈ ಹಿಡಿದು ಮೂಲೆಗೆ ಎಳೆದರು.

"ಆ ಹುಡುಗಿ ನೀನಾ?" ಪಿಸುಗುಟ್ಟಿದರು. "ಮೆಲ್ಲ ಮಾತಾಡು. ಅವನಿಗೆ ಇನ್ನೂ ಗೊತ್ತಿಲ್ಲ."

"ಗೊತ್ತುಂಟು ಅಮ್ಮ."

"ಯಾರು ಹೇಳಿದ್ದು?" ಆ ಕಣ್ಣುಗಳಲ್ಲಿ ನಿಜವಾದ ಗಾಬರಿ ಮೂಡಿತು. "ನಾನು ಎಲ್ಲರ ಹತ್ರ ಕೈ ಮುಗಿದು ಹೇಳಿದ್ದೇನೆ. ಹೆಣ್ಣುಮಗಳ ಬಾಯಿ ತಪ್ಪಿ ಬಂದದ್ದು, ಅವಳ ಮಾತು ಅವಳೇ ಹೇಳ್ಲಿ, ನೀವು ಯಾರೂ ಹೇಳ್ಬೇಡಿ ಅಂತ. ಫೋನನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ ರಾತ್ರಿಗೆ. ಇವನು ಕಲ್ಲು ಕಲ್ಲು ಅಂತ ಸಾಯ್ತಿದ್ದ, ಆದ್ರೂ ಬಾಯಿ ಬಿಡ್ಲಿಲ್ಲ ನಾನು. ಯಾರು ಹೇಳಿದ್ದು, ಹೇಳು."

ಮುಖವನ್ನೇ ಕಾಣದ ಹುಡುಗಿಯೊಬ್ಬಳ ಮಾನಕ್ಕಾಗಿ ಈ ಹೆಂಗಸು ಮೂರು ದಿನ ಊರಿಗೆಲ್ಲ ಕೈ ಮುಗಿದಿದ್ದರು.

"ಯಾರೂ ಹೇಳ್ಲಿಲ್ಲ ಅಮ್ಮ," ಎಂದಳು. "ನಾನೇ ಹೇಳಿದೆ. ಎದುರು ನಿಂತು."

ಗುಣವತಿ ಅವಳನ್ನು ಅಡಿಯಿಂದ ಮುಡಿಯವರೆಗೆ ಇನ್ನೊಮ್ಮೆ ನೋಡಿದರು. ಆಮೇಲೆ ಮಗನನ್ನು ನೋಡಿದರು. ಮಗ ಯಾವ ಕಾರಣವೂ ಇಲ್ಲದೆ ತಣ್ಣಗಿನ ಕಾವಲಿಯೊಂದನ್ನು ಉಜ್ಜುತ್ತಿದ್ದ. ಚಾಪೆಯ ಮೇಲಿದ್ದವರಲ್ಲಿ ರಿಝ್ವಾನಾ ಮೊದಲು ನಕ್ಕಳು. ಕಣ್ಣೀರು ಇನ್ನೂ ಒಣಗಿರಲಿಲ್ಲ.

"ಅದಕ್ಕೆ ನಮ್ಮ ಕೆಲಸ ತೆಗೆದದ್ದಾ ನೀವು ಅಣ್ಣಾ?" ಎಂದಳು. "ಮದುವೆಗೆ ರೊಟ್ಟಿ ಮಾಡುವವರು ಯಾರು ಮತ್ತೆ?"

ಸೆರಗಿನೊಳಗೆ ಫೋನ್ ಕೂಗಿತು.

ಗುಣವತಿ ಅದನ್ನು ಹೊರಗೆ ತೆಗೆದು, ಪರದೆಯತ್ತ ನೋಡದೆಯೇ, ಮಗನ ಕಡೆ ಚಾಚಿದರು. "ತಗೋ. ಇನ್ನು ನೀನೇ ಉತ್ತರ ಕೊಡು. ನನ್ನ ಗಂಟಲು ಬಿದ್ದು ಹೋಗಿದೆ."

ಮೋಕ್ಷಿತ್ ಕೈ ಒರೆಸಿಕೊಂಡು ಫೋನ್ ಕಿವಿಗೆ ಹಿಡಿದ. ಆಚೆಯಿಂದ ಯಾವುದೋ ಮುದುಕಿಯ ಕುತೂಹಲದ ಧ್ವನಿ ಇಡೀ ಶೆಡ್ಡಿಗೆ ಕೇಳುವಷ್ಟು ಜೋರಾಗಿತ್ತು: ಅಲ್ಲ ಮಗಾ, ಆ ಹುಡುಗನಿಗೆ ಯಾರಾದ್ರೂ ಹೇಳಿದ್ರಾ ಇಲ್ವಾ?

ಅವನು ಅಶ್ಮಿತಾಳತ್ತ ನೋಡಿದ. ಈ ಬಾರಿ ಅವಳು ತಿರುಗಿ ನೋಡಿದರೂ ಅವನ ದೃಷ್ಟಿ ಬೇರೆಲ್ಲಿಗೂ ಓಡಲಿಲ್ಲ.

"ಹೌದು ಅಜ್ಜಿ," ಎಂದ. "ಹೇಳಿದ್ದಾಳೆ."

ಏಳು ವಾರ ಅವಳನ್ನು ಬಹುವಚನದಲ್ಲೇ ಮಾತನಾಡಿಸಿದವನ ಬಾಯಿಂದ ಆ ಒಂದು ಏಕವಚನ ಹೊರಬಿದ್ದಾಗ, ಅಶ್ಮಿತಾ ಕಾವಲಿಯ ಬಳಿಗೆ ಹೋಗಿ ಅವನ ಪಕ್ಕ ನಿಂತಳು.